ನಾಲ್ಕೂರು ಸುತ್ತಿಸಿದ ಚೈನು

ಮೋಟಾರ್ ಸೈಕಲ್ಲಿನ ಚೈನಿಗೂ ಹೆಂಗಸರ ಪತ್ರಿಕೆಗೂ ಏನು ಸಂಬಂಧ ಎಂದು ನೀವು ಪುಟ ಮಗುಚುವ ಮುಂಚೆ ಒಂದು ಮಾತು, ಸೋದರಿಯರೇ. ಹೊಲಿಗೆ ಯಂತ್ರದ ಬೆಲ್ಟು ಎಷ್ಟು ಬಿಗಿ ಇರಬೇಕು, ಒಗ್ಗರಣೆಗೆ ಎಣ್ಣೆ ಎಷ್ಟು ಸಾಕು ಎಂದು ಬಲ್ಲವರಿಗೆ ಈ ವಿದ್ಯೆ ಅರ್ಧ ಬಂದ ಹಾಗೆಯೇ. ಉಳಿದರ್ಧ ಕಲಿಯಲು ನಾನು ಮಾತ್ರ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂದು ನಾಲ್ಕು ಊರು ಸುತ್ತಬೇಕಾಯಿತು. ಆ ಕಥೆಯನ್ನೇ ಹೇಳುತ್ತೇನೆ, ಕೇಳಿ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮದುವೆಯಾಗಿ ಬಂದವಳು. ನಮ್ಮ ಮನೆ ಕೋಲಾರದಲ್ಲಿ, ಟೇಕಲ್ ರಸ್ತೆಯ ಕಡೆ. ನಮ್ಮವರು ಶ್ರೀನಿವಾಸಪುರದ ಒಂದು ಮಾವಿನ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಮೊದಲೆಲ್ಲ ದಿನಾ ಬೈಕಿನಲ್ಲೇ ಓಡಾಟ. ನಾಲ್ಕು ವರ್ಷದ ಹಿಂದೆ ಮಾವಿನ ಕಾಲದಲ್ಲಿ ಹದಿನೈದು ದಿನದಿಂದ ಬೈಕು ಕಟಕಟ ಎನ್ನುತ್ತಿತ್ತು. "ಚೈನು ಸಡಿಲ ಆಗಿದೆ, ಭಾನುವಾರ ನೋಡ್ತೀನಿ ಬಿಡೆ" ಎನ್ನುತ್ತಿದ್ದರು. ಮಾವಿನ ಕಾಲದಲ್ಲಿ ಮಂಡಿಯವರಿಗೆ ಭಾನುವಾರ ಎಲ್ಲಿ ಬರುತ್ತೆ? ಒಂದು ರಾತ್ರಿ ಮನೆಗೆ ಬರುವಾಗ ಆ ಚೈನು ಹಲ್ಲುಚಕ್ರದಿಂದ ಕಳಚಿ ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡಿತು. ಚಕ್ರ ಗಕ್ಕನೆ ನಿಂತಿತು. ಇವರು ರಸ್ತೆಯ ಮೇಲೆ ಬಿದ್ದರು. ಹೆಲ್ಮೆಟ್ ಇದ್ದುದರಿಂದ ತಲೆ ಉಳಿಯಿತು, ಮೊಣಕಾಲಿನ ಚಿಪ್ಪು ಒಡೆಯಿತು. "ಮಾವಿನ ಮಂಡಿಯವನಿಗೆ ಕಾಲಿನ ಮಂಡಿಯೇ ಹೋಯ್ತು" ಎಂದು ಈಗ ಅವರೇ ನಗುತ್ತಾರೆ. ಆಗ ಮನೆಯಲ್ಲಿ ಯಾರೂ ನಗಲಿಲ್ಲ. ಅಂದಿನಿಂದ ಅವರು ಬಸ್ಸು ಹಿಡಿದರು, ಬೈಕು ಗೋಡೆ ಹಿಡಿಯಿತು.

ಹೋದ ವರ್ಷ ನಮ್ಮ ಪುಟ್ಟಿಗೆ (ಬಿ.ಎಡ್. ಮುಗಿಸಿದ್ದರೂ ನಮಗೆ ಪುಟ್ಟಿಯೇ) ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯ ಕೆಲಸ ಸಿಗುವ ಹಾಗಾಯಿತು. ಆ ಊರಿಗೆ ಬಸ್ಸು ದಿನಕ್ಕೆ ಎರಡೇ ಸಲ, ಎರಡೂ ಶಾಲೆಯ ಹೊತ್ತಿಗಲ್ಲ. ಲೈಸೆನ್ಸು ಮೊದಲೇ ಮಾಡಿಸಿಟ್ಟುಕೊಂಡಿದ್ದ ಹುಡುಗಿ, "ಅಪ್ಪನ ಬೈಕಿದೆಯಲ್ಲಮ್ಮ" ಎಂದಳು.

ಸ್ಕೂಟರ್ ಕೊಡಿಸಬಾರದಿತ್ತೇ ಎಂದು ನೀವು ಕೇಳಬಹುದು. ನಿಜ, ಗೇರಿಲ್ಲದ ಸ್ಕೂಟರಿನಲ್ಲಿ ಈ ಚೈನಿನ ರಗಳೆ ಇಲ್ಲ, ಒಳಗೇ ರಬ್ಬರ್ ಬೆಲ್ಟು ಇರುತ್ತದೆ. ಆದರೆ ಸಾಲ ಮಾಡುವ ಮನಸ್ಸಿರಲಿಲ್ಲ. ಕೊರಕಲು ರಸ್ತೆಗೆ ಬೈಕಿನ ದೊಡ್ಡ ಚಕ್ರವೇ ವಾಸಿ.

ನಮ್ಮವರು "ಬೇಡ ಅಂದ್ರೆ ಬೇಡ" ಎಂದರು. ಪುಟ್ಟಿ ಮೆಲ್ಲಗೆ, "ಅಪ್ಪಾ, ನಿಮ್ಮನ್ನ ಬೀಳಿಸಿದ್ದು ಬೈಕಲ್ಲ, ನೋಡದೆ ಬಿಟ್ಟ ಚೈನು" ಎಂದಳು. ನಾನು ಉಸಿರು ಬಿಗಿಹಿಡಿದೆ. ಅವರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ನನ್ನನ್ನು ಕರೆದು, "ಅವಳ ಹಿಂದೆ ನೀನು ಕೂತು ಒಂದೆರಡು ಭಾನುವಾರ ಸುತ್ತಿ ಬಾ. ಚೈನು ನಿಮ್ಮ ಕೈಯಲ್ಲೇ ನೋಡ್ಕೋಬೇಕು. ಮೆಕ್ಯಾನಿಕ್ಕು ಮಾಡ್ತಾನೆ ಅಂತ ಬಿಡೋ ಹಾಗಿಲ್ಲ. ಆಮೇಲೆ ಮಾತಾಡೋಣ" ಎಂದರು.

ಇಷ್ಟೇ ನೋಡಿ ನಮ್ಮ ಪ್ರವಾಸಕ್ಕೆ ಕಾರಣ. ನಮ್ಮ ತಾಲ್ಲೂಕಿನ ನರಸಾಪುರದಲ್ಲೇ 2013ರಿಂದ ಹೋಂಡಾ ಕಂಪನಿಯ ದ್ವಿಚಕ್ರ ವಾಹನದ ಕಾರ್ಖಾನೆ ಇದೆ. ಆದರೂ ಒಂದು ಚೈನು ಎಷ್ಟು ಜೋತಾಡಬೇಕೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ!

ಮಾಲೂರಿನ ಕೆಂಪು ಧೂಳು

ನಿಂತೇ ಇದ್ದ ಬೈಕಿಗೆ ಮೊದಲು ಟೈರು, ಬ್ಯಾಟರಿ, ಹೊಸ ಚೈನು ಹಾಕಿಸಿದೆವು. ಚೈನು ಮಾತ್ರ ಹೊಸದು ಹಾಕಬಾರದಂತೆ. ಮುಂದಿನ ಚಿಕ್ಕ ಹಲ್ಲುಚಕ್ರ, ಹಿಂದಿನ ದೊಡ್ಡ ಹಲ್ಲುಚಕ್ರ, ಚೈನು, ಮೂರನ್ನೂ ಒಟ್ಟಿಗೇ ಬದಲಾಯಿಸಬೇಕು. ಸವೆದ ಹಲ್ಲಿನ ಮೇಲೆ ಹೊಸ ಚೈನು ಬೇಗ ಹಾಳಾಗುತ್ತದೆ.

ಮೇ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಕೋಲಾರಮ್ಮನ ಗುಡಿಗೆ ಹೋಗಿ ಕೈಮುಗಿದೆವು. ಅಲ್ಲೇ ಚೇಳಮ್ಮನಿಗೂ ಒಂದು ಕಾಣಿಕೆ ಹಾಕಿದೆ. ಹೊರಡುವ ಮುಂಚೆ ನಾನು ಜಾಣತನ ತೋರಿಸಲು ಹೋಗಿ ಚೈನಿಗೆ ಧಾರಾಳವಾಗಿ ಎಣ್ಣೆ ಸುರಿದಿದ್ದೆ. ಅದೂ ಹಳೆಯ ಇಂಜಿನ್ ಎಣ್ಣೆ, ಡಬ್ಬದಲ್ಲಿ ಉಳಿದಿತ್ತಲ್ಲ ಎಂದು.

ಟೇಕಲ್ ದಾರಿ ಚೆಂದ. ಟೇಕಲ್ಲಿನ ಬಂಡೆಗಳನ್ನು ನೋಡಿದರೆ ಯಾರೋ ಗುಂಡುಕಲ್ಲು ಒಂದರ ಮೇಲೊಂದು ಪೇರಿಸಿ ಮರೆತು ಹೋದ ಹಾಗಿದೆ. ಮಾಲೂರು ಹತ್ತಿರವಾದಂತೆ ಗಾಳಿಯ ಬಣ್ಣವೇ ಬೇರೆ. ಹೆಂಚು, ಇಟ್ಟಿಗೆಗೆ ಹೆಸರಾದ ಊರಲ್ಲವೇ? ಗೂಡುಗಳ ಹತ್ತಿರ ಲಾರಿ ಓಡಾಡಿದರೆ ಕೆಂಪು ಧೂಳು ಮುಸುಕು ಹಾಕಿದಂತೆ ಏಳುತ್ತದೆ. ಕಥೆಗಾರ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮಾಸ್ತಿ ಗ್ರಾಮವೂ ಈ ತಾಲ್ಲೂಕಿನದೇ. 1983ರ ಜ್ಞಾನಪೀಠ ಅವರಿಗೆ ಬಂದಾಗ ಇಡೀ ಜಿಲ್ಲೆಗೇ ಬಂದಂತಾಯಿತು ಎಂದು ನಮ್ಮ ಮಾವನವರು ಹೇಳುತ್ತಿದ್ದರು. ಚಿಕ್ಕ ತಿರುಪತಿಗೂ ಹೋಗುವ ಆಸೆಯಿತ್ತು. ಮೊದಲ ದಿನಕ್ಕೆ ಇಷ್ಟು ಸಾಕೆಂದು ಮಾಲೂರಿನಲ್ಲೇ ಕಾಫಿ ಕುಡಿದು ತಿರುಗಿದೆವು.

ಮನೆಗೆ ಬಂದು ನೋಡಿದರೆ ಪುಟ್ಟಿಯ ಚೂಡಿದಾರದ ಎಡಗಾಲೆಲ್ಲ ಎಣ್ಣೆಯ ಚುಕ್ಕೆ! ಚೈನಂತೂ ಕೆಂಪು ಚಟ್ನಿ ಮೆತ್ತಿದ ಹಾಗಿತ್ತು. ಹೊರಡುವಾಗ ಹಾಕಿದ ಎಣ್ಣೆ ಅರ್ಧ ಸಿಡಿದುಹೋಗಿ, ಉಳಿದರ್ಧ ಧೂಳನ್ನೆಲ್ಲ ಹಿಡಿದುಕೊಂಡಿತ್ತು. ಬೆರಳಲ್ಲಿ ಉಜ್ಜಿದರೆ ಮರಳುಕಾಗದ. ನಮ್ಮವರು ಜಗಲಿಯ ಮೇಲೆ ಕೂತೇ, "ಎಣ್ಣೆ ಹಾಕೋದು ಹೋಗುವಾಗಲ್ಲ, ಬಂದಮೇಲೆ" ಎಂದರು. ಬೈಕಿನ ವಿಷಯ ಅವರು ಬಾಯಿ ಬಿಟ್ಟಿದ್ದು ಅಷ್ಟು ವರ್ಷದಲ್ಲಿ ಅದೇ ಮೊದಲು.

ಅವರು ಹೇಳಿದಂತೆ ನಾವು ಮಾಡಿದ ಕ್ರಮ ಇದು:

ಬೈಕನ್ನು ಸಮನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಇಂಜಿನ್ ಆರಿಸಿ, ಕೀಲಿಕೈ ತೆಗೆದು ಸೆರಗಿಗೆ ಕಟ್ಟಿಕೊಳ್ಳಿ. ಇದೇನು ಅಜ್ಜಿಯ ಉಪದೇಶ ಎನ್ನಬೇಡಿ. ಇಂಜಿನ್ ಚಾಲೂ ಇಟ್ಟು, ಚಕ್ರ ತಿರುಗುತ್ತಿರುವಾಗ ಬಟ್ಟೆ ಹಿಡಿದು ಚೈನು ಒರೆಸಲು ಹೋಗಿ ಬೆರಳು ಕಳೆದುಕೊಳ್ಳುವವರಿದ್ದಾರೆ. ಚಕ್ರವನ್ನು ಕೈಯಿಂದಲೇ, ನಿಧಾನವಾಗಿ ತಿರುಗಿಸಬೇಕು. ಬಳೆ, ಸೆರಗು, ವೇಲು ದೂರ ಇರಲಿ.

ಕೆಳಗೆ ಹಳೆಯ ಪೇಪರ್ ಹಾಸಿ, ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಚೈನಿನ ನಾಲ್ಕೂ ಮಗ್ಗುಲು ಉಜ್ಜಿ. ಸೀಮೆಎಣ್ಣೆ ಈಗ ಹಿಂದಿನಷ್ಟು ಸುಲಭವಾಗಿ ಸಿಗುವುದಿಲ್ಲ. ಬಿಡಿಭಾಗದ ಅಂಗಡಿಯಲ್ಲಿ ಚೈನ್ ಕ್ಲೀನರ್ ಡಬ್ಬ ಸಿಗುತ್ತದೆ. ಪೆಟ್ರೋಲ್ ಮಾತ್ರ ಬೇಡ, ಬೆಂಕಿಯ ಭಯ. ಕೆಲವು ದೊಡ್ಡ ಬೈಕುಗಳ ಚೈನಿನಲ್ಲಿ ಸಣ್ಣ ರಬ್ಬರ್ ಬಳೆಗಳಿರುತ್ತವೆ. ಅವು ಪೆಟ್ರೋಲಿಗೂ ತಂತಿ ಬ್ರಷ್ಷಿಗೂ ಹಾಳಾಗುತ್ತವೆ. ನಂತರ ಹಳೆಯ ಪಂಚೆಯ ತುಂಡಿನಿಂದ ಒರೆಸಿ ಒಣಗಲು ಬಿಡಿ.

ಆಮೇಲೆ ಎಣ್ಣೆ. 90 ನಂಬರಿನ ಗೇರ್ ಎಣ್ಣೆಯೋ, ಚೈನಿಗೆಂದೇ ಬರುವ ಸ್ಪ್ರೇಯೋ ಆಗಬಹುದು. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಸಾಲದು, ತೀರಾ ತೆಳು. ಚೈನಿನ ಕೆಳಗಿನ ಸಾಲಿನ ಒಳಮೈಗೆ, ಅಂದರೆ ಚಕ್ರದ ಹಲ್ಲು ಮುಟ್ಟುವ ಕಡೆಗೆ, ಹನಿಹನಿಯಾಗಿ ಬಿಡುತ್ತ ಚಕ್ರ ತಿರುಗಿಸಿ. ಓಡುವಾಗ ಎಣ್ಣೆ ತಾನೇ ಹೊರಕ್ಕೆ ಹರಿಯುತ್ತದೆ. ಎಣ್ಣೆ ಬೇಕಾದುದು ಕೊಂಡಿಗಳ ಒಳಗಿನ ಕೀಲುಗಳಿಗೆ, ಮೇಲಿನ ಹೊಳಪಿಗಲ್ಲ. ಸವಾರಿ ಮುಗಿಸಿ ಚೈನು ಬೆಚ್ಚಗಿರುವಾಗ ಹಾಕಿದರೆ ಎಣ್ಣೆ ಚೆನ್ನಾಗಿ ಇಳಿಯುತ್ತದೆ. ಹೆಚ್ಚಾದುದನ್ನು ಬಟ್ಟೆಯಿಂದ ಒರೆಸಿ ರಾತ್ರಿಯೆಲ್ಲ ಬಿಡಿ.

ಇದನ್ನು ಸುಮಾರು 500 ಕಿಲೋಮೀಟರಿಗೊಮ್ಮೆ ಮಾಡಿದರೆ ಒಳ್ಳೆಯದು. ಮಳೆಯಲ್ಲಿ, ಕೆಸರಿನಲ್ಲಿ, ಮಾಲೂರಿನಂಥ ಧೂಳಿನಲ್ಲಿ ಓಡಾಡಿದರೆ ಇನ್ನೂ ಬೇಗ.

ಮೂಡಣ ಬಾಗಿಲಲ್ಲಿ ಪಾಠ

ಮುಂದಿನ ಭಾನುವಾರ ಮುಳಬಾಗಿಲು. ಹಿಂದಿನ ರಾತ್ರಿ ನಾವಿಬ್ಬರೇ ಚೈನು ಬಿಗಿ ಮಾಡಿದೆವು. ಹೊಸ ಚೈನು ಮೊದಮೊದಲು ಬೇಗ ಸಡಿಲವಾಗುತ್ತದೆಂದು ಕೇಳಿದ್ದೆವು. ಸಡಿಲವಾದ ಚೈನಿನ ಭಯ ನಮ್ಮ ಮನೆಯಲ್ಲಿ ಎಷ್ಟೆಂದು ನಿಮಗೆ ಗೊತ್ತೇ ಇದೆ. ಆ ಭಯದಲ್ಲಿ ವೀಣೆಯ ತಂತಿಯ ಹಾಗೆ ಎಳೆದು ಬಿಗಿದಿಟ್ಟೆವು.

ಕೋಲಾರದಿಂದ ಮುಳಬಾಗಿಲಿಗೆ ಸುಮಾರು 30 ಕಿಲೋಮೀಟರ್, ಹೆದ್ದಾರಿ. ಲಾರಿಗಳು, ತಿರುಪತಿಗೆ ಹೋಗುವ ಬಸ್ಸುಗಳು ಪಕ್ಕದಲ್ಲೇ ಬೀಸಿಕೊಂಡು ಹೋಗುತ್ತವೆ. ಅರ್ಧ ದಾರಿಯಲ್ಲಿ ಬೈಕು "ಗೊಂಯ್" ಎಂದು ಕೊರಗತೊಡಗಿತು. ಗುಂಡಿಯಲ್ಲಿ ಇಳಿದಾಗಲೆಲ್ಲ ಹಿಂದಿನಿಂದ ಯಾರೋ ಜಗ್ಗಿದಂತೆ ಆಗುತ್ತಿತ್ತು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. "ಪುಟ್ಟಿ, ನಿಧಾನ, ಎಡಕ್ಕೇ ಇರು" ಎನ್ನುವುದನ್ನು ಬಿಟ್ಟು ನನಗೆ ಬೇರೆ ಮಾತೇ ಬರಲಿಲ್ಲ.

ಹೇಗೋ ಊರು ಮುಟ್ಟಿದೆವು. ರಸ್ತೆ ಬದಿ ಹುಣಸೆಮರದ ಕೆಳಗೆ ಒಬ್ಬ ವಯಸ್ಸಾದ ಮೆಕ್ಯಾನಿಕ್ ಭಾಯ್ ಕೂತಿದ್ದರು. ಬೈಕು ನೋಡಿ, "ಏನಮ್ಮಾ, ಇಷ್ಟು ಬಿಗಿ ಯಾರು ಮಾಡಿದ್ದು?" ಎಂದರು. ನಾವಿಬ್ಬರೂ ಕಳ್ಳರ ಹಾಗೆ ನಿಂತೆವು. "ಪರವಾಲೇದು, ಕೂತ್ಕೊಳ್ಳಿ" ಎಂದು ನಕ್ಕರು. ನಮ್ಮ ಕಡೆ ಕನ್ನಡದ ಜೊತೆ ತೆಲುಗು ಹೀಗೆ ಬೆರೆತೇ ಬರುತ್ತದೆ.

ಅವರು ಮೊದಲು ಮಾಡಿದ್ದೇನು ಗೊತ್ತೇ? ನಮ್ಮಿಬ್ಬರನ್ನೂ ಬೈಕಿನ ಮೇಲೆ ಕೂರಿಸಿ ಚೈನು ಒತ್ತಿ ತೋರಿಸಿದ್ದು. ಒಂದಿಷ್ಟೂ ಅಲುಗಲಿಲ್ಲ! "ಜನ ಕೂತ್ರೆ ಹಿಂದಿನ ಚಕ್ರ ಮೇಲಕ್ಕೆ ಏಳುತ್ತೆ, ಚೈನು ಇನ್ನೂ ಬಿಗಿ ಆಗುತ್ತೆ. ಅದಕ್ಕೇ ಖಾಲಿ ನಿಂತಾಗ ಜೋತು ಬಿಟ್ಟಿರಬೇಕು. ಬಿಗಿ ಚೈನು ಬೇರಿಂಗ್ ತಿನ್ನುತ್ತೆ, ಹಲ್ಲು ತಿನ್ನುತ್ತೆ, ಕೊನೆಗೆ ತಾನೇ ತುಂಡಾಗುತ್ತೆ. ಸಡಿಲ ಆದ್ರೆ ಕಳಚುತ್ತೆ. ಎರಡೂ ಒಂದೇ ಅಮ್ಮಾ" ಎಂದರು.

ನನಗೆ ತಕ್ಷಣ ಅರ್ಥವಾಯಿತು. ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರದ ಬೆಲ್ಟೂ ಹೀಗೇ. ಬಿಗಿಯಾದರೆ ಪೆಡಲು ಭಾರ, ಸಡಿಲವಾದರೆ ಜಾರುತ್ತದೆ. ಜಡೆಯೂ ಹಾಗೇ ಎನ್ನಿ, ಬಿಗಿಯಾದರೆ ತಲೆನೋವು, ಸಡಿಲವಾದರೆ ಸಂಜೆಗೆ ಬಿಚ್ಚಿರುತ್ತದೆ.

ಭಾಯ್ ತಾವು ಮುಟ್ಟದೆ ಎಲ್ಲವನ್ನೂ ಪುಟ್ಟಿಯ ಕೈಯಿಂದಲೇ ಮಾಡಿಸಿದರು. ಕೆಳಗಿನ ಸಾಲಿನ ನಟ್ಟನಡುವೆ ಚೈನನ್ನು ಬೆರಳಿನಿಂದ ಕೆಳಕ್ಕೂ ಮೇಲಕ್ಕೂ ದೂಡಿ ಅಳೆಯಬೇಕು. ಸಾಮಾನ್ಯವಾಗಿ ಸಣ್ಣ ಬೈಕುಗಳಿಗೆ ಆ ಓಲಾಟ ಒಟ್ಟು 20ರಿಂದ 30 ಮಿಲಿಮೀಟರ್ ಇರುತ್ತದೆ. ನಿಮ್ಮ ಬೈಕಿನ ಜೊತೆ ಬಂದ ಪುಸ್ತಕದಲ್ಲಿ ಏನಿದೆಯೋ ಅದೇ ಸರಿಯಾದ ಲೆಕ್ಕ. ಸೆಂಟರ್ ಸ್ಟ್ಯಾಂಡಿನಲ್ಲಿ ಅಳೆಯಬೇಕೋ ಸೈಡ್ ಸ್ಟ್ಯಾಂಡಿನಲ್ಲೋ ಎಂಬುದೂ ಅದರಲ್ಲೇ ಇರುತ್ತದೆ. ಚೈನಿಗೆ ಪೂರ್ತಿ ಕವರ್ ಇದ್ದರೆ, ಅದರಲ್ಲಿ ಒಂದು ಸಣ್ಣ ರಬ್ಬರ್ ಮುಚ್ಚಳ ಇರುತ್ತದೆ. ಅದನ್ನು ತೆಗೆದು ಕಿಂಡಿಯಲ್ಲಿ ನೋಡುವುದು.

"ಒಂದೇ ಕಡೆ ನೋಡಿ ಬಿಡಬೇಡಮ್ಮಾ" ಎಂದು ಭಾಯ್ ಚಕ್ರವನ್ನು ಸ್ವಲ್ಪಸ್ವಲ್ಪವೇ ತಿರುಗಿಸಿಸಿ ನಾಲ್ಕೈದು ಕಡೆ ಅಳೆಸಿದರು. ಚೈನು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲವಂತೆ. ಎಲ್ಲಿ ಹೆಚ್ಚು ಬಿಗಿಯೋ ಅಲ್ಲಿ ಅಳತೆ ಹಿಡಿಯಬೇಕು.

ಆಮೇಲೆ ಹಿಂದಿನ ಚಕ್ರದ ಅಚ್ಚಿನ ದೊಡ್ಡ ನಟ್ಟನ್ನು ಸಡಿಲ ಮಾಡಿಸಿದರು. ಎಡಕ್ಕೊಂದು, ಬಲಕ್ಕೊಂದು ಚೈನ್ ಅಡ್ಜಸ್ಟರ್ ಇರುತ್ತದೆ. ಎರಡರ ನಟ್ಟನ್ನೂ ಕಾಲುಕಾಲು ಸುತ್ತಿನಂತೆ ಒಂದೇ ಸಮ ತಿರುಗಿಸಬೇಕು. ನಟ್ಟು ಬಿಗಿಯಾದಂತೆ ಚಕ್ರ ಹಿಂದಕ್ಕೆ ಸರಿದು ಚೈನು ಬಿಗಿಯಾಗುತ್ತದೆ. ಸಡಿಲಿಸಿದಾಗ ಚಕ್ರವನ್ನು ಸ್ವಲ್ಪ ಮುಂದಕ್ಕೆ ತಳ್ಳಬೇಕು. ಎರಡೂ ಕಡೆ ಗೀಟು ಗುರುತುಗಳಿವೆ. ಎಡಗಡೆ ಮೂರನೆಯ ಗೀಟಾದರೆ ಬಲಗಡೆಯೂ ಮೂರನೆಯದೇ ಆಗಬೇಕು. ನಮ್ಮದು ಒಂದು ಗೀಟು ಹೆಚ್ಚುಕಡಿಮೆ ಇತ್ತು. ಹಾಗಿದ್ದರೆ ಚಕ್ರ ಸೊಟ್ಟಗೆ ಕೂತು ಚೈನು ಹಲ್ಲಿನ ಪಕ್ಕ ಕೊರೆಯುತ್ತದೆ.

ಎಲ್ಲ ಸರಿಹೋದ ಮೇಲೆ ಅಚ್ಚಿನ ನಟ್ಟು ಗಟ್ಟಿ ಬಿಗಿದು, ಇನ್ನೊಮ್ಮೆ ಅಳೆಯಬೇಕು, ಏಕೆಂದರೆ ಬಿಗಿಯುವಾಗ ಅಳತೆ ತುಸು ಬದಲಾಗುತ್ತದೆ. ಕೊನೆಯದು ಹಿಂದಿನ ಬ್ರೇಕು. ಡ್ರಮ್ ಬ್ರೇಕಿನ ಬೈಕಿನಲ್ಲಿ ಚಕ್ರ ಹಿಂದೆ ಮುಂದೆ ಸರಿದರೆ ಬ್ರೇಕಿನ ರಾಡೂ ಬಿಗಿಯೋ ಸಡಿಲವೋ ಆಗುತ್ತದೆ. ಪೆಡಲ್ ಒತ್ತಿ ನೋಡಿ, ಚಕ್ರ ಸಲೀಸಾಗಿ ತಿರುಗುತ್ತದೆಯೇ ನೋಡಿ, ಬ್ರೇಕ್ ಸರಿಪಡಿಸಿಕೊಂಡೇ ಹೊರಡಬೇಕು. ಇದನ್ನು ಮರೆಯುವವರೇ ಹೆಚ್ಚಂತೆ.

ಭಾಯ್ ಹುಡುಗರಾಗಿದ್ದಾಗ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ದಿ ಬೈಕುಗಳ ಮೇಲೆ ಕೆಲಸ ಕಲಿತವರು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. "ಅದರ ಚೈನು ಪೂರಾ ಕವರಿನೊಳಗೆ ಇರ್ತಿತ್ತಮ್ಮಾ, ಧೂಳು ಕಾಣ್ತಿರಲಿಲ್ಲ. ಆದ್ರೆ ಕಾಣಲ್ಲ ಅಂತ ನೋಡೋದನ್ನೇ ಬಿಟ್ಟುಬಿಡ್ತಿದ್ರು" ಎಂದರು. ದುಡ್ಡು ಎಷ್ಟು ಕೊಟ್ಟರೂ ತೆಗೆದುಕೊಳ್ಳಲಿಲ್ಲ. "ಕೆಲಸ ಮಾಡಿದ್ದು ಮಗು, ನಾನಲ್ಲ" ಎಂದುಬಿಟ್ಟರು.

ಹಗುರವಾದ ಮನಸ್ಸಿನಿಂದ ಮುಳಬಾಗಿಲು ನೋಡಿದೆವು. ಮೂಡಲ ಬಾಗಿಲು, ಅದೇ ಮುಳಬಾಗಿಲು. ವಿಜಯನಗರದ ರಾಜ್ಯಕ್ಕೆ ಪೂರ್ವದ ಬಾಗಿಲಾಗಿದ್ದ ಊರು. ಡಿ.ವಿ.ಜಿ.ಯವರು 1887ರಲ್ಲಿ ಹುಟ್ಟಿದ್ದು ಇಲ್ಲೇ. ತಿರುಪತಿ ಯಾತ್ರಿಕರು ನಿಂತು ಹೋಗುವ ಆಂಜನೇಯನಿಗೆ ನಾವೂ ಕೈಮುಗಿದೆವು. ಕುರುಡುಮಲೆಗೂ ಹೋಗಿ ಆಳೆತ್ತರ ಮೀರಿದ ಏಕಶಿಲೆಯ ಗಣಪನ ಮುಂದೆ ನಿಂತೆವು. ಅಷ್ಟು ದೊಡ್ಡ ಹೊಟ್ಟೆಯವನ ಮುಂದೆ ನಿಂತರೆ ನಮ್ಮ ಭಯಗಳು ಚಿಕ್ಕವಾಗಿ ಕಾಣುತ್ತವೆ. ಮುಳಬಾಗಿಲು ದೋಸೆ ತಿನ್ನದೆ ಬಂದರೆ ನೀವು ನನ್ನನ್ನು ಕ್ಷಮಿಸುವುದಿಲ್ಲ, ಅದನ್ನೂ ತಿಂದೆವು. ಅಂಚು ಗರಿಗರಿ, ನಡುವೆ ಮೆತ್ತಗೆ, ಒಳಗೆ ಕೆಂಪು ಚಟ್ನಿ. ಮಾಲೂರಿನ ನಮ್ಮ ಚೈನು ನೆನಪಾಗಿ ಇಬ್ಬರಿಗೂ ನಗು ಬಂತು!

ಮಂಡಿಯ ಮುಂದೆ

ಮುಳಬಾಗಿಲಿನಿಂದ ಶ್ರೀನಿವಾಸಪುರಕ್ಕೆ ಒಳದಾರಿಯಲ್ಲಿ ಹೋದೆವು. ಎರಡೂ ಕಡೆ ಮಾವಿನ ತೋಪು. ಬಾದಾಮಿ, ರಸಪೂರಿ, ತೋತಾಪುರಿ, ನೀಲಂ, ಕೊಂಬೆಗಳು ನೆಲ ಮುಟ್ಟುವಂತೆ ಬಾಗಿದ್ದವು. ಬೈಕು ಸದ್ದಿಲ್ಲದೆ ಓಡುತ್ತಿತ್ತು. ಒಳ್ಳೆಯ ಚೈನಿನ ಗುಣವೇ ಅದು, ಇದೆ ಎಂದು ಗೊತ್ತಾಗಬಾರದು.

ಪಾಪನಪಲ್ಲಿ ಎಂಬ ಹಳೆಯ ಹೆಸರಿನ ಈ ಊರಿಗೆ ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರಿಟ್ಟರು ಎನ್ನುತ್ತಾರೆ. ಮಾವಿನ ಕಾಲದಲ್ಲಿ ಇಲ್ಲಿನ ಮಾರುಕಟ್ಟೆ ನೋಡಬೇಕು! ಟ್ರ್ಯಾಕ್ಟರುಗಳ ಸಾಲು, ಹುಲ್ಲು ಹಾಸಿದ ರಾಶಿಗಳು, ಹರಾಜಿನ ಕೂಗು, ಗಾಳಿಯಲ್ಲೇ ಸಿಹಿ.

ನಮ್ಮವರು ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ಹೊರಗೆ ಬಂದರು. ನಮ್ಮನ್ನು ಮಾತಾಡಿಸಲಿಲ್ಲ, ನೇರ ಬೈಕಿನ ಹತ್ತಿರ ಹೋದರು. ಕುಕ್ಕರಗಾಲಿನಲ್ಲಿ ಕೂರಲು ಮೊಣಕಾಲು ಬಾಗುವುದಿಲ್ಲ. ಒಂದು ಹಣ್ಣಿನ ಕ್ರೇಟು ಎಳೆದುಕೊಂಡು ಕೂತು, ಹಿಂದಿನ ಚಕ್ರ ತಿರುಗಿಸಿ ತಿರುಗಿಸಿ ಚೈನು ಒತ್ತಿ ನೋಡಿದರು. ಗೀಟುಗಳನ್ನು ಎಡಕ್ಕೂ ಬಲಕ್ಕೂ ನೋಡಿದರು. ಅಚ್ಚಿನ ನಟ್ಟು ಹಿಡಿದು ಜಗ್ಗಿದರು.

"ಯಾರು ಮಾಡಿದ್ದು?"

"ನಾನೇ ಅಪ್ಪಾ. ಮುಳಬಾಗಲಲ್ಲಿ ಒಬ್ಬ ಭಾಯ್ ಹೇಳಿಕೊಟ್ರು."

ಅವರು ಕೈ ಒರೆಸಿಕೊಂಡು ಎದ್ದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕತ್ತಲಾಗೋಕೆ ಮುಂಚೆ ಹೊರಡಿ. ಹೆಲ್ಮೆಟ್ಟಿನ ಪಟ್ಟಿ ಸರಿಯಾಗಿ ಹಾಕ್ಕೊಳ್ಳಿ" ಎಂದರು. ಅವರ ಬಾಯಲ್ಲಿ ಒಪ್ಪಿಗೆ ಎಂದರೆ ಇಷ್ಟೇ. ಇಪ್ಪತ್ತೈದು ವರ್ಷ ಸಂಸಾರ ಮಾಡಿದವಳಿಗೆ ಅಷ್ಟು ಗೊತ್ತಾಗುವುದಿಲ್ಲವೇ?

ಬೀರುವಿನ ಬಾಗಿಲಿಗೆ ಅಂಟಿಸಿದ ಚೀಟಿ

ನಮ್ಮ ಮನೆಯಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿ ಈಗ ಈ ಚೀಟಿಯೂ ಇದೆ. ನೀವೂ ಬರೆದಿಟ್ಟುಕೊಳ್ಳಿ:

• ವಾರಕ್ಕೊಮ್ಮೆ ಚೈನಿನ ಓಲಾಟ ನೋಡುವುದು. ಕಟಕಟ ಸದ್ದು ಬಂದರೆ ಅದೇ ದಿನ ನೋಡುವುದು, ಭಾನುವಾರಕ್ಕೆ ಕಾಯುವುದಿಲ್ಲ.

• ಇಂಜಿನ್ ಚಾಲೂ ಇದ್ದಾಗ ಚೈನಿನ ಹತ್ತಿರ ಕೈ ಇಲ್ಲ.

• ಚೈನಿನ ಜೋಡಣೆಗೆ ಲಾಕ್ ಕ್ಲಿಪ್ ಇದ್ದರೆ, ಅದರ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗಿರಬೇಕು, ಸೀಳಿದ ತುದಿ ಹಿಂದಕ್ಕೆ. ಪ್ರತಿ ಸಲ ಒರೆಸುವಾಗ ಕ್ಲಿಪ್ ಇದೆಯೇ ಎಂದು ನೋಡುವುದು.

• ಹಿಂದಿನ ಹಲ್ಲುಚಕ್ರದ ತೀರಾ ಹಿಂಬದಿಯಲ್ಲಿ ಚೈನನ್ನು ಹಿಡಿದು ಹೊರಕ್ಕೆ ಎಳೆದರೆ ಅರ್ಧ ಹಲ್ಲಿಗಿಂತ ಹೆಚ್ಚು ಕಾಣಿಸಿದರೆ, ಅಥವಾ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ, ಅಡ್ಜಸ್ಟರ್ ಗೀಟುಗಳು ಮುಗಿದಿದ್ದರೆ, ಮತ್ತೆ ಬಿಗಿ ಮಾಡುವುದಲ್ಲ, ಸೆಟ್ಟನ್ನೇ ಬದಲಾಯಿಸುವುದು.

• ಸೀರೆ ಗಾರ್ಡು ಇರುವ ಕಡೆಗೇ ಕಾಲಿಟ್ಟು ಕೂರುವುದು. ಸೆರಗು, ವೇಲು ಸೊಂಟಕ್ಕೆ ಸಿಕ್ಕಿಸದೆ ಬೈಕು ಹತ್ತುವಂತಿಲ್ಲ.

• ಅಚ್ಚಿನ ನಟ್ಟಿಗೆ ಪಿನ್ನು ಇರುವ ಬೈಕಾದರೆ ಪಿನ್ನು ಹಾಕಿದ್ದೇವೆಯೇ ಎಂದು ಇನ್ನೊಬ್ಬರಿಂದ ನೋಡಿಸುವುದು.

ಈ ಕೊನೆಯದನ್ನು ಸೇರಿಸಿದವರು ನಮ್ಮವರೇ.

ಜೂನ್ ತಿಂಗಳಿನಿಂದ ಪುಟ್ಟಿ ಶಾಲೆಗೆ ಹೋಗುತ್ತಿದ್ದಾಳೆ. ಶನಿವಾರ ಸಂಜೆ ಬಂದು ಬೈಕು ನಿಲ್ಲಿಸಿ, ಕೈಗೆ ಹಳೆಯ ಪಂಚೆಯ ತುಂಡು ಸುತ್ತಿಕೊಂಡು ಚೈನಿನ ಮುಂದೆ ಕೂರುತ್ತಾಳೆ. ನಾನು ಟಾರ್ಚ್ ಹಿಡಿಯುತ್ತೇನೆ. ಜಗಲಿಯ ಮೇಲಿನಿಂದ ಪ್ರಶ್ನೆ ಬರುತ್ತದೆ: "ಎಷ್ಟು?"

"ಇಪ್ಪತ್ತೈದು, ಅಪ್ಪಾ."

"ಎಷ್ಟು ಕಡೆ ನೋಡ್ದೆ?"

"ಐದು ಕಡೆ."

"ಹೂಂ" ಎಂದು ಅವರು ಮತ್ತೆ ಪೇಪರ್ ತೆರೆಯುತ್ತಾರೆ. ತಾವು ಬೈಕು ಹತ್ತಲು ಇನ್ನೂ ಮನಸ್ಸು ಬಂದಿಲ್ಲ, ನಾವೂ ಒತ್ತಾಯಿಸಿಲ್ಲ. ಆದರೆ ಅವರ ಹಳೆಯ ಪಾನಾಗಳ ಪೆಟ್ಟಿಗೆಯ ತುಕ್ಕನ್ನು ಹೋದ ವಾರ ಯಾರೋ ಉಜ್ಜಿ ತೆಗೆದು, ಎಣ್ಣೆ ಹಚ್ಚಿ ಇಟ್ಟಿದ್ದರು. ನಾನಂತೂ ಅಲ್ಲ, ಪುಟ್ಟಿಯೂ ಅಲ್ಲ.